51 ದೊಡ್ಡದೋ, 50 ದೊಡ್ಡದೋ?

1985ರ ಮಾತು. ಅಮೆರಿಕದ ಶಿಕಾಗೊ ನಗರದ ಫುಟ್‌ಬಾಲ್ ತಂಡ ‘ಶಿಕಾಗೊ ಬೇರ್ಸ್’ ಎದುರಿಗೆ ಬಂದವರನ್ನೆಲ್ಲ ಮಣ್ಣು ಮುಕ್ಕಿಸುತ್ತಿದ್ದ ವರ್ಷ ಅದು. ಪಂದ್ಯಗಳ ವಿವರಣೆಯನ್ನು ರೇಡಿಯೊದಲ್ಲಿ ಕೊಡುತ್ತಿದ್ದವರ ಪೈಕಿ ಅದೇ ತಂಡದ ಹಳೆಯ ಆಟಗಾರನೊಬ್ಬನಿದ್ದ. ಹೆಸರು ಡಿಕ್ ಬಟ್‌ಕಸ್. ಒಂಬತ್ತು ವರ್ಷ ಆ ತಂಡದ ರಕ್ಷಣಾ ಪಡೆಯ ನಟ್ಟನಡುವೆ ನಿಂತು ಆಡಿದವನು. ಈಗ ಕೆಳಗೆ ಮೈದಾನದಲ್ಲಿ ಅದೇ ಜಾಗದಲ್ಲಿ ನಿಂತು ಆಡುತ್ತಿದ್ದವನು ಮೈಕ್ ಸಿಂಗಲ್‌ಟರಿ. ಮೊದಲನೆಯವನ ಅಂಗಿಯ ಸಂಖ್ಯೆ 51, ಎರಡನೆಯವನದು 50.

ಮೇಲೆ ಕುಳಿತು ಮಾತಾಡುತ್ತಿದ್ದವನು ತನ್ನ ಆಟದ ಬದುಕಿನಲ್ಲಿ ಚಾಂಪಿಯನ್ ಪಟ್ಟಕ್ಕಾಗಿ ನಡೆಯುವ ನಾಕೌಟ್ ಪಂದ್ಯಗಳಲ್ಲಿ ಒಂದನ್ನೂ ಆಡಿದವನಲ್ಲ. ಕೆಳಗೆ ಆಡುತ್ತಿದ್ದವನು ಆ ಸಲ ಚಾಂಪಿಯನ್ ಪಟ್ಟವನ್ನೇ ಗೆಲ್ಲಲಿದ್ದ. ಹಾಗಾದರೆ ಇಬ್ಬರಲ್ಲಿ ಯಾರು ದೊಡ್ಡವರು? ಶಿಕಾಗೊದ ಅಭಿಮಾನಿಗಳು ಅಂದಿನಿಂದ ಇಂದಿನವರೆಗೂ ಈ ಪ್ರಶ್ನೆಯನ್ನು ಕೈಬಿಟ್ಟಿಲ್ಲ. ಪಟ್ಟ ಗೆದ್ದವನೇ ದೊಡ್ಡವನು ಎಂದು ಸುಲಭವಾಗಿ ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ ಶಿಕಾಗೊದವರು ಹಾಗೆ ಕೊಟ್ಟಿಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ.

ಏನಿದು ಲೈನ್‌ಬ್ಯಾಕರ್?

ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ನೋಡುವ ಕಾಲ್ಚೆಂಡಾಟವಲ್ಲ. ಅದರಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಎರಡೂ ತಂಡಗಳಿಂದ 11 ಮಂದಿ, 100 ಗಜ ಉದ್ದದ ಮೈದಾನ. ಚೆಂಡು ಸಿಕ್ಕಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಕನಿಷ್ಠ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಸಾಗುವುದಕ್ಕೆ ಎರಡೇ ದಾರಿ: ಚೆಂಡನ್ನು ಹಿಡಿದು ಓಡುವುದು, ಅಥವಾ ಮುಂದಿರುವ ಸಂಗಡಿಗನಿಗೆ ಎಸೆಯುವುದು. ದಾಳಿಯ ಸೂತ್ರಧಾರನಾಗಿ ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್.

ಇದನ್ನು ತಡೆಯುವ ತಂಡದಲ್ಲಿ ಮೊದಲ ಸಾಲಿನಲ್ಲಿ ನಾಲ್ವರು ದೈತ್ಯರು ಬಗ್ಗಿ ನಿಂತಿರುತ್ತಾರೆ. ಅವರ ಬೆನ್ನಿಗೆ ಕೆಲವು ಹೆಜ್ಜೆ ಹಿಂದೆ ಮೂವರು. ಸಾಲಿನ ಹಿಂದೆ ನಿಲ್ಲುವುದರಿಂದ ಇವರಿಗೆ ‘ಲೈನ್‌ಬ್ಯಾಕರ್’ ಎಂದು ಹೆಸರು. ಮೂವರಲ್ಲಿ ನಡುವಿನವನ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಎದುರಾಳಿ ಓಡುತ್ತಾನೋ ಎಸೆಯುತ್ತಾನೋ ಎಂದು ಕ್ಷಣದಲ್ಲಿ ಊಹಿಸಬೇಕು. ಓಡಿದರೆ ಮುನ್ನುಗ್ಗಿ ನೆಲಕ್ಕೆ ಕೆಡವಬೇಕು, ಎಸೆದರೆ ಹಿಂದೋಡಿ ಚೆಂಡಿಗೆ ಅಡ್ಡ ಬರಬೇಕು. ಕಬಡ್ಡಿಯಲ್ಲಿ ದಾಳಿಗಾರನ ಕಾಲಿನ ಚಲನೆಯನ್ನು ಓದಿ ಹಿಡಿತಕ್ಕೆ ಹಾರುವವನನ್ನು ನೆನೆದರೆ ಈ ಕೆಲಸದ ಅಂದಾಜು ಸಿಗುತ್ತದೆ.

ಈ ಸ್ಥಾನ ರೂಪುಗೊಂಡ ಕಥೆಯೂ ಶಿಕಾಗೊದ್ದೇ. 1950ರ ದಶಕದಲ್ಲಿ ಬೇರ್ಸ್ ತಂಡದ ಬಿಲ್ ಜಾರ್ಜ್ ಮೊದಲ ಸಾಲಿನ ನಡುವೆ ಬಗ್ಗಿ ನಿಲ್ಲುವುದನ್ನು ಬಿಟ್ಟು, ಕೆಲವು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಲ್ಲತೊಡಗಿದ. ತಲೆಯ ಮೇಲಿಂದ ಹಾರಿ ಹೋಗುತ್ತಿದ್ದ ಚೆಂಡು ಆಗ ಕೈಗೆ ಸಿಗತೊಡಗಿತು. ನಡುವಿನ ಲೈನ್‌ಬ್ಯಾಕರ್ ಎಂಬ ಸ್ಥಾನವನ್ನು ಹುಟ್ಟುಹಾಕಿದ ಕೀರ್ತಿಯನ್ನು ಹೆಚ್ಚಿನವರು ಆತನಿಗೇ ಕೊಡುತ್ತಾರೆ. ಆತ ಬೇರ್ಸ್ ಪರ ಕೊನೆಯ ಬಾರಿ ಆಡಿದ್ದು 1965ರಲ್ಲಿ. ಅದೇ ವರ್ಷ ತಂಡಕ್ಕೆ ಬಟ್‌ಕಸ್ ಬಂದ.

ಸೋಲಿನ ಮನೆಯ ಸಿಂಹ

ಬಟ್‌ಕಸ್ ಶಿಕಾಗೊದ ದಕ್ಷಿಣ ಭಾಗದಲ್ಲಿ, ಲಿಥುವೇನಿಯಾ ಮೂಲದ ದುಡಿಯುವ ಕುಟುಂಬದಲ್ಲಿ 1942ರ ಡಿಸೆಂಬರ್ 9ರಂದು ಹುಟ್ಟಿದ. ಓದಿದ್ದು, ಆಡಿದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅಂದರೆ ಅಪ್ಪಟ ಊರ ಹುಡುಗ. 6 ಅಡಿ 3 ಅಂಗುಲ ಎತ್ತರ, 245 ಪೌಂಡ್ ಅಂದರೆ ಸುಮಾರು 111 ಕಿಲೋ ತೂಕ. ಹೊಸ ಆಟಗಾರರ ಆಯ್ಕೆಯಲ್ಲಿ ಬೇರ್ಸ್ ಆತನನ್ನು ಮೂರನೆಯವನಾಗಿ ಆರಿಸಿತು. ನಾಲ್ಕನೆಯವನಾಗಿ ಅದೇ ತಂಡ ಆರಿಸಿದ್ದು ಗೇಲ್ ಸೇಯರ್ಸ್ ಎಂಬ ಅಪ್ರತಿಮ ಓಟಗಾರನನ್ನು. ಇಬ್ಬರು ಮಹಾನ್ ಆಟಗಾರರು ಒಂದೇ ದಿನ ಒಂದೇ ಮನೆಗೆ ಬಂದರೂ ಮನೆಗೆ ಸಿರಿ ಬರಲಿಲ್ಲ.

ಬಟ್‌ಕಸ್ ಆಡಿದ 1965ರಿಂದ 1973ರವರೆಗಿನ ಒಂಬತ್ತು ಋತುಗಳಲ್ಲಿ ಬೇರ್ಸ್ ಗೆದ್ದದ್ದು 48, ಸೋತದ್ದು 74, ಸಮ ಮಾಡಿಕೊಂಡದ್ದು 4. ಅದರಲ್ಲೂ 1969ರ ಕಥೆ ಯಾವ ಅಭಿಮಾನಿಗೂ ಬೇಡ. 14 ಪಂದ್ಯಗಳಲ್ಲಿ 13 ಸೋಲು. ಗೆದ್ದ ಒಂದೇ ಪಂದ್ಯ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎದುರು. ಬಟ್‌ಕಸ್ ಆ ದಿನ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಅವನದೇ ಗಡಿಯೊಳಗೆ ಕೆಡವಿ ಅಂಕ ತಂದ. ಬೇರ್ಸ್ 38–7ರಿಂದ ಗೆದ್ದಿತು.

ವಿಧಿಯ ಆಟ ಇಲ್ಲಿದೆ ನೋಡಿ. ಆ ಋತುವಿನಲ್ಲಿ ಸ್ಟೀಲರ್ಸ್ ಕೂಡ 13 ಪಂದ್ಯ ಸೋತಿತ್ತು. ಅತಿ ಹೆಚ್ಚು ಸೋತ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರನನ್ನು ಮೊದಲು ಆರಿಸುವ ಹಕ್ಕು. ಇಬ್ಬರದೂ ಸಮನಾದ್ದರಿಂದ ನಾಣ್ಯ ಚಿಮ್ಮಿದರು. ಗೆದ್ದದ್ದು ಸ್ಟೀಲರ್ಸ್. ಅವರು ಆರಿಸಿಕೊಂಡ ಟೆರಿ ಬ್ರಾಡ್‌ಷಾ ಆ ತಂಡಕ್ಕೆ ಮುಂದೆ ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟ. ಬೇರ್ಸ್ ಆ ಒಂದು ಪಂದ್ಯವನ್ನೂ ಸೋತಿದ್ದರೆ ನಾಣ್ಯ ಚಿಮ್ಮುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಸೋಲುವುದಕ್ಕೆ ಲಾಭವಿದೆ ಎಂದು ಕೈಚೆಲ್ಲಿ ನಿಲ್ಲುವ ಜಾಯಮಾನ ಬಟ್‌ಕಸ್‌ನದಲ್ಲ. ಶಿಕಾಗೊದವರು ಇಂದಿಗೂ ಆತನನ್ನು ತಲೆಯ ಮೇಲೆ ಹೊತ್ತಿರುವುದು ಈ ಒಂದು ಗುಣಕ್ಕಾಗಿ.

ಆತ ಎದುರಾಳಿಯನ್ನು ಕೆಡವಿದಷ್ಟಕ್ಕೇ ಸುಮ್ಮನಾಗುತ್ತಿರಲಿಲ್ಲ. ಕೆಡವುತ್ತಲೇ ಕೈಯಿಂದ ಚೆಂಡನ್ನು ಕಿತ್ತುಕೊಳ್ಳುತ್ತಿದ್ದ. 119 ಪಂದ್ಯಗಳಲ್ಲಿ ಎದುರಾಳಿ ಎಸೆದ ಚೆಂಡನ್ನು 22 ಸಲ ನಡುವೆಯೇ ಕಸಿದ. ಕೈಜಾರಿದ ಚೆಂಡನ್ನು 27 ಸಲ ವಶಪಡಿಸಿಕೊಂಡ. ವರ್ಷದ ಶ್ರೇಷ್ಠರ ಪಂದ್ಯವಾದ ‘ಪ್ರೊ ಬೌಲ್’ಗೆ ಎಂಟು ಸಲ ಆಯ್ಕೆಯಾದ.

ಕಣ್ಣಿನಿಂದ ಆಡಿದವನು

ಸಿಂಗಲ್‌ಟರಿಯ ಹುಟ್ಟು ದೂರದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ, 1958ರ ಅಕ್ಟೋಬರ್ 9ರಂದು. ಕ್ರೈಸ್ತ ಧರ್ಮಬೋಧಕರೊಬ್ಬರ ಹತ್ತು ಮಕ್ಕಳಲ್ಲಿ ಕೊನೆಯವನು. ಬಾಲ್ಯದಲ್ಲೇ ತಂದೆ ತಾಯಿ ಬೇರೆಯಾದರು, ಅಣ್ಣನೊಬ್ಬ ಕಾರು ಅಪಘಾತದಲ್ಲಿ ತೀರಿಕೊಂಡ. ಕಾಲೇಜಿಗೆ ವಿದ್ಯಾರ್ಥಿವೇತನ ಪಡೆಯಬೇಕು, ಅಮ್ಮನಿಗೊಂದು ಮನೆ ಕೊಡಿಸಬೇಕು ಎಂದು ಹುಡುಗ ತನ್ನ ಗುರಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ.

ಬೇಲರ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದರೂ 1981ರಲ್ಲಿ ಆತನನ್ನು ಬೇರ್ಸ್ ಆರಿಸಿದ್ದು ಎರಡನೆಯ ಸುತ್ತಿನಲ್ಲಿ, 38ನೆಯವನಾಗಿ. ಕಾರಣ ಎತ್ತರ. ಆರೇ ಅಡಿ. ನಮಗೆ ಇದು ಧಾರಾಳ ಎತ್ತರವೇ; ಆದರೆ ಆ ಆಟದಲ್ಲಿ, ಆ ಜಾಗದಲ್ಲಿ, ಕುಳ್ಳ ಎನ್ನಿಸಿಕೊಳ್ಳುವ ಎತ್ತರ. ರಕ್ಷಣಾ ವಿಭಾಗದ ತರಬೇತುದಾರ ಬಡ್ಡಿ ರಯಾನ್ ಹೊಸಬರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಂಗಿಯ ಸಂಖ್ಯೆಯಿಂದ ಕರೆಯುತ್ತಿದ್ದ. ಎದುರಾಳಿ ಚೆಂಡು ಎಸೆಯುವ ಸಂದರ್ಭ ಬಂತೆಂದರೆ 50ನ್ನು ಹೊರಗೆ ಕರೆಸಿಕೊಂಡು ಬೇರೊಬ್ಬನನ್ನು ಕಳಿಸುತ್ತಿದ್ದ.

ಈ ಅವಮಾನಕ್ಕೆ ಸಿಂಗಲ್‌ಟರಿ ಕಂಡುಕೊಂಡ ಮದ್ದು ಓದು. ಎದುರಾಳಿ ತಂಡಗಳ ಪಂದ್ಯಗಳ ಫಿಲ್ಮುಗಳನ್ನು ಮನೆಯಲ್ಲೂ ಹಾಕಿಕೊಂಡು ನೋಡತೊಡಗಿದ. ಯಾವ ಆಟಗಾರ ಎಲ್ಲಿ ನಿಂತರೆ ಚೆಂಡು ಯಾವ ಕಡೆಗೆ, ಯಾರ ಪಾದ ಯಾವ ದಿಕ್ಕಿಗೆ ತಿರುಗಿದರೆ ಓಟ ಯಾವ ಕಡೆಗೆ ಎಂದು ಬಾಯಿಪಾಠ ಮಾಡಿದ. ಸ್ವಲ್ಪ ಕಾಲದಲ್ಲೇ ಆತನನ್ನು ಹೊರಗೆ ಕರೆಸುವುದು ನಿಂತಿತು. ಚೆಂಡು ಚಲಿಸುವ ಮೊದಲಿನ ಕ್ಷಣದಲ್ಲಿ ಬಗ್ಗಿ ನಿಂತು, ಕಣ್ಣನ್ನು ಇಷ್ಟಗಲ ಅರಳಿಸಿ ಎದುರಿನ ಸಾಲನ್ನು ನೋಡುತ್ತಿದ್ದ ಆತನ ಮುಖವನ್ನು ಟಿ.ವಿ. ಕ್ಯಾಮೆರಾಗಳು ಮತ್ತೆ ಮತ್ತೆ ತೋರಿಸಿದವು. ಆ ಕಣ್ಣುಗಳೇ ಆತನ ಗುರುತಾದವು.

1985ರಲ್ಲಿ ಬೇರ್ಸ್ 16 ಪಂದ್ಯಗಳಲ್ಲಿ 15 ಗೆದ್ದಿತು. ನಾಕೌಟ್ ಹಂತದ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಕೊಡಲಿಲ್ಲ. 1986ರ ಜನವರಿ 26ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡವನ್ನು 46–10ರಿಂದ ಸೋಲಿಸಿತು. ಎದುರಾಳಿ ಇಡೀ ಪಂದ್ಯದಲ್ಲಿ ಓಡಿ ಗಳಿಸಿದ್ದು ಬರೀ 7 ಗಜ! ಸಿಂಗಲ್‌ಟರಿ ಅಂದು ಕೈಜಾರಿದ ಎರಡು ಚೆಂಡುಗಳನ್ನು ವಶಪಡಿಸಿಕೊಂಡ. ಆ ವರ್ಷವೂ, ಮತ್ತೆ 1988ರಲ್ಲೂ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರ ಎನ್ನಿಸಿಕೊಂಡ. ಪ್ರೊ ಬೌಲ್‌ಗೆ ಹತ್ತು ಸಲ ಆಯ್ಕೆಯಾದ.

ಅಳತೆಗೋಲು ಒಂದೇ ಅಲ್ಲ

ಇನ್ನು ಹೋಲಿಕೆಗೆ ಬರೋಣ. ಚೆಂಡು ಕಸಿದದ್ದು: ಬಟ್‌ಕಸ್ 22, ಸಿಂಗಲ್‌ಟರಿ 7. ಕೈಜಾರಿದ ಚೆಂಡು ಹಿಡಿದದ್ದು: ಬಟ್‌ಕಸ್ 27, ಸಿಂಗಲ್‌ಟರಿ 12. ಬಟ್‌ಕಸ್ ಪಕ್ಷದವರು ಇಲ್ಲಿಗೇ ವಾದ ಮುಗಿಸಿ ಎದ್ದುಬಿಡುತ್ತಾರೆ.

ಸಿಂಗಲ್‌ಟರಿ ಪಕ್ಷದವರ ಬಳಿಯೂ ಅಂಕಿಗಳಿವೆ. ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ‘ಸ್ಯಾಕ್’ ಎನ್ನುತ್ತಾರೆ. ಸಿಂಗಲ್‌ಟರಿ ಹೆಸರಿನಲ್ಲಿ 19 ಸ್ಯಾಕ್ ಇವೆ, ಬಟ್‌ಕಸ್ ಹೆಸರಿನ ಮುಂದೆ ಖಾಲಿ. ಹಾಗೆಂದು ಬಟ್‌ಕಸ್ ಯಾರನ್ನೂ ಕೆಡವಲೇ ಇಲ್ಲ ಎಂದೇನೂ ಅಲ್ಲ. ಲೀಗ್‌ನವರು ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದೇ 1982ರಿಂದ. ಅಳೆಯದೆ ಇದ್ದದ್ದು ಸೊನ್ನೆಯಲ್ಲ ಎಂಬುದು ಪ್ರಯೋಗಶಾಲೆಗೆ ಎಷ್ಟು ನಿಜವೋ ಮೈದಾನಕ್ಕೂ ಅಷ್ಟೇ ನಿಜ.

ಅದಕ್ಕಿಂತ ಮುಖ್ಯವಾದದ್ದು, ಇಬ್ಬರ ನಡುವೆ ಆಟದ ನಿಯಮಗಳೇ ಬದಲಾಗಿದ್ದವು. ಬಟ್‌ಕಸ್ ಕಾಲದಲ್ಲಿ ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ಗುದ್ದಿ ತಡೆಯಬಹುದಿತ್ತು. 1978ರಲ್ಲಿ ಬಂದ ನಿಯಮ ಇದನ್ನು ಮೊದಲ ಐದು ಗಜಕ್ಕೆ ಸೀಮಿತಗೊಳಿಸಿತು. ಎದುರಾಳಿಯ ತಲೆಗೆ ಅಂಗೈಯಿಂದ ಬಾರಿಸುವ ಪದ್ಧತಿಯನ್ನು 1977ರಲ್ಲೇ ನಿಷೇಧಿಸಿದ್ದರು. ದಾಳಿಗಾರರಿಗೆ ಚೆಂಡು ಎಸೆಯುವುದು ಸಲೀಸಾಯಿತು. ನಡುವೆ ನಿಂತವನು ಬರೀ ಗೋಡೆಯಾದರೆ ಸಾಲದು, ಕಾವಲುಗಾರನೂ ಆಗಬೇಕಾಯಿತು. ಬಟ್‌ಕಸ್ ಗೋಡೆಯ ಕಾಲದವನು, ಆದರೂ ಕಾವಲು ಬಲ್ಲವನು. ಸಿಂಗಲ್‌ಟರಿ ಕಾವಲಿನ ಕಾಲದವನು, ಆದರೂ ಗೋಡೆಯಾಗಬಲ್ಲವನು.

ದೇಹದ ವ್ಯತ್ಯಾಸವನ್ನು ಬುದ್ಧಿ ಹೇಗೆ ತುಂಬಿಕೊಡುತ್ತದೆ ಎನ್ನುವುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಸಿಂಗಲ್‌ಟರಿಯ ತೂಕ 230 ಪೌಂಡ್, ಸುಮಾರು 104 ಕಿಲೋ. ಬಟ್‌ಕಸ್‌ಗಿಂತ ಏಳು ಕಿಲೋ ಕಡಿಮೆ. ಒಂದೇ ವೇಗದಲ್ಲಿ ಬಂದು ಗುದ್ದಿದರೆ ಬಟ್‌ಕಸ್‌ನ ಗುದ್ದೇ ಭಾರಿ. ಆದರೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವನು ಕಾಲು ಸೆಕೆಂಡಿನಲ್ಲಿ 2 ಮೀಟರ್ ದಾಟುತ್ತಾನೆ. ಎದುರಾಳಿ ಯಾವ ಕಡೆ ಹೋಗುತ್ತಾನೆಂದು ಕಾಲು ಸೆಕೆಂಡು ಮೊದಲೇ ತಿಳಿದವನು 2 ಮೀಟರ್ ಮುಂದಿರುತ್ತಾನೆ. ಎದುರಾಳಿ ವೇಗ ಪಡೆಯುವ ಮೊದಲೇ ಅವನ ಮೇಲೆ ಬೀಳುತ್ತಾನೆ. ಏಳು ಕಿಲೋ ಕೊರತೆ ಅಲ್ಲಿಗೆ ತೀರಿತು. ಫಿಲ್ಮ್ ನೋಡಿ ಸಿಂಗಲ್‌ಟರಿ ಗಳಿಸಿದ್ದು ಈ ಕಾಲು ಸೆಕೆಂಡನ್ನು.

ಇಬ್ಬರ ಸುತ್ತ ಇದ್ದವರನ್ನೂ ಮರೆಯಬಾರದು. ಸಿಂಗಲ್‌ಟರಿಯ ಮುಂದೆ ರಿಚರ್ಡ್ ಡೆಂಟ್, ಡ್ಯಾನ್ ಹ್ಯಾಂಪ್ಟನ್ ತರಹದ ಘಟಾನುಘಟಿಗಳಿದ್ದರು. ತಂತ್ರ ಹೂಡಲು ರಯಾನ್ ಇದ್ದ. ಬಟ್‌ಕಸ್ ಮುಂದೆ ಅಂಥ ಸಾಲಿರಲಿಲ್ಲ. ಚೆನ್ನಾಗಿ ಉತ್ತ ಹೊಲದಲ್ಲಿ ಬೆಳೆದ ಪೈರು ಒಂದು, ಬಂಡೆಯ ಬಿರುಕಿನಲ್ಲಿ ಬೆಳೆದ ಮರ ಇನ್ನೊಂದು. ಇವೆರಡರ ಎತ್ತರವನ್ನು ಒಂದೇ ಕೋಲಿನಿಂದ ಅಳೆಯುವುದು ಹೇಗೆ?

ಲೆಕ್ಕಕ್ಕೆ ಸಿಗದ ಕಾಲಂ

ಅಭಿಮಾನಿಗಳ ಅಂಕಿಪಟ್ಟಿಯಲ್ಲಿ ಒಂದು ಕಾಲಂ ಮಾತ್ರ ಇರುವುದೇ ಇಲ್ಲ. ಆಟಕ್ಕೆ ದೇಹ ತೆತ್ತ ಬೆಲೆ ಎಷ್ಟು ಎನ್ನುವ ಕಾಲಂ.

ಸಿಂಗಲ್‌ಟರಿ 12 ಋತುಗಳಲ್ಲಿ ಆಡಿದ್ದು 179 ಪಂದ್ಯ. ತಪ್ಪಿಸಿಕೊಂಡದ್ದು ಎರಡೇ ಎರಡು. 1992ರಲ್ಲಿ, 34ನೆಯ ವಯಸ್ಸಿನಲ್ಲಿ, ತಾನೇ ನಿರ್ಧರಿಸಿ ನಿವೃತ್ತನಾದ. ಬಟ್‌ಕಸ್‌ಗೆ ಆ ಭಾಗ್ಯ ಇರಲಿಲ್ಲ. 1970ರಲ್ಲಿ ಬಲ ಮಂಡಿಗೆ ಪೆಟ್ಟು ಬಿತ್ತು, ಶಸ್ತ್ರಚಿಕಿತ್ಸೆಯಾಯಿತು. ಆಮೇಲೂ ಆತ ಆಡಿದ. ಮಂಡಿಗೆ ಕಾರ್ಟಿಸೋನ್ ಚುಚ್ಚುಮದ್ದು ಹಾಕಿಸಿಕೊಂಡು ಆಡಿದ.

ಕಾರ್ಟಿಸೋನ್ ಊತವನ್ನು ಇಳಿಸುತ್ತದೆ, ನೋವನ್ನು ಅಡಗಿಸುತ್ತದೆ. ಆದರೆ ಹರಿದದ್ದನ್ನು ಅದು ಹೊಲಿಯುವುದಿಲ್ಲ. ನೋವು ಎನ್ನುವುದು ದೇಹ ಬಾರಿಸುವ ಎಚ್ಚರಿಕೆಯ ಗಂಟೆ. ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದರೆ ಸದ್ದು ನಿಲ್ಲಬಹುದು, ಬೆಂಕಿ ಆರುವುದಿಲ್ಲ. ಮೇಲಿಂದ ಮೇಲೆ ಚುಚ್ಚಿದರೆ ಕೀಲಿನ ಮೃದ್ವಸ್ಥಿಗೂ ಹಾನಿಯಾಗಬಹುದು ಎಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. 1973ರ ಋತುವಿನ ನಡುವೆ ಬಟ್‌ಕಸ್‌ನ ಕಾಲು ಸೋತಿತು. ಒಂಬತ್ತು ಪಂದ್ಯಕ್ಕೆ ಆಟ ನಿಂತಿತು. ಆಗ ಆತನಿಗೆ ಇನ್ನೂ 31 ತುಂಬಿರಲಿಲ್ಲ.

1974ರಲ್ಲಿ ಆತ ತನ್ನ ತಂಡದ ಮೇಲೆಯೇ ದಾವೆ ಹೂಡಿದ. ಶಸ್ತ್ರಚಿಕಿತ್ಸೆ ಬೇಕಾಗಿದ್ದ ಮಂಡಿಯೊಂದಿಗೆ ತನ್ನನ್ನು ತಿಳಿದೂ ತಿಳಿದೂ ಮೈದಾನಕ್ಕೆ ಇಳಿಸಲಾಯಿತು ಎನ್ನುವುದು ಆತನ ದೂರು. ಕೇಳಿದ ಪರಿಹಾರ 16 ಲಕ್ಷ ಡಾಲರ್. 1976ರಲ್ಲಿ 6 ಲಕ್ಷಕ್ಕೆ ರಾಜಿಯಾಯಿತು. ತಂಡದ ಸ್ಥಾಪಕ, ಬಟ್‌ಕಸ್‌ನ ಮೊದಲ ತರಬೇತುದಾರ ಜಾರ್ಜ್ ಹಾಲಸ್ ಮತ್ತು ಆತನ ನಡುವೆ ವರ್ಷಗಟ್ಟಲೆ ಮಾತು ನಿಂತುಹೋಯಿತು. 1983ರಲ್ಲಿ ಹಾಲಸ್ ತೀರಿಕೊಳ್ಳುವ ಮೊದಲು ಇಬ್ಬರೂ ಮನಸ್ಸು ತಿಳಿ ಮಾಡಿಕೊಂಡರು ಎನ್ನುವುದೊಂದೇ ಸಮಾಧಾನ. ಮಂಡಿ ಮಾತ್ರ ರಾಜಿಗೆ ಒಪ್ಪಲಿಲ್ಲ. ಮುಂದೆ ಕೃತಕ ಮಂಡಿಯನ್ನೇ ಕೂಡಿಸಬೇಕಾಯಿತು.

ಹಾಗಾದರೆ 1985ರ ಗೆದ್ದ ತಂಡ ಏನನ್ನೂ ತೆರಲಿಲ್ಲವೇ? ಕಾಲೇಜಿನಲ್ಲಿ ಸಿಂಗಲ್‌ಟರಿ ಗುದ್ದಿ ಗುದ್ದಿ 16 ಹೆಲ್ಮೆಟ್ ಒಡೆದಿದ್ದ ಎಂದು ಒಂದು ಕಾಲದಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಇಂದು ಆ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ, ನಿಜ. ಆದರೆ ತಲೆ ಥಟ್ಟನೆ ನಿಂತಾಗ ಒಳಗಿನ ಮೆದುಳು ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಗ್ಗರಿಸುವ ಹಾಗೆ. ಹೀಗೆ ಸಾವಿರಾರು ಸಲ ಆದರೆ ಕೆಲವರಲ್ಲಿ ಮೆದುಳಿನ ಜೀವಕೋಶಗಳು ನಿಧಾನವಾಗಿ ನಶಿಸುತ್ತ ಹೋಗುತ್ತವೆ. 2002ರಲ್ಲಿ ತೀರಿಕೊಂಡ ಸ್ಟೀಲರ್ಸ್ ಆಟಗಾರ ಮೈಕ್ ವೆಬ್‌ಸ್ಟರ್‌ನ ಮೆದುಳಿನಲ್ಲಿ ಡಾ. ಬೆನೆಟ್ ಒಮಾಲು ಈ ರೋಗವನ್ನು ಗುರುತಿಸಿದ ಮೇಲೆ ಇಡೀ ಆಟದ ಕಣ್ಣು ತೆರೆಯಿತು.

1985ರ ಬೇರ್ಸ್ ತಂಡದಲ್ಲಿ ಸಿಂಗಲ್‌ಟರಿಯ ಹಿಂದೆ ನಿಂತು ಕಾವಲು ಕಾಯುತ್ತಿದ್ದವನು ಡೇವ್ ಡ್ಯುಯರ್ಸನ್. 2011ರ ಫೆಬ್ರುವರಿಯಲ್ಲಿ, 50ನೆಯ ವಯಸ್ಸಿನಲ್ಲಿ, ಆತ ತನ್ನ ಜೀವವನ್ನು ತಾನೇ ಕಳೆದುಕೊಂಡ. ತನ್ನ ಮೆದುಳನ್ನು ಪರೀಕ್ಷೆಗೆ ಕೊಡಿ ಎಂದು ಬರೆದಿಟ್ಟಿದ್ದ. ಬಾಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದಾಗ ಅದೇ ರೋಗ ಕಂಡಿತು. ಬಟ್‌ಕಸ್‌ನ ಮಂಡಿಯ ಬೆಲೆ ಎಲ್ಲರ ಕಣ್ಣಿಗೂ ಬಿದ್ದಿತ್ತು. ಈ ಬೆಲೆ ಕಣ್ಣಿಗೆ ಬೀಳಲು ಕಾಲು ಶತಮಾನವೇ ಬೇಕಾಯಿತು.

ಅಂಗಿಗಳ ಕಥೆ

ನಿವೃತ್ತಿಯ ನಂತರ ಬಟ್‌ಕಸ್ ಸಿನಿಮಾ, ಟಿ.ವಿ.ಗಳಲ್ಲಿ ನಟಿಸಿದ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಹೃದಯ ತಪಾಸಣೆಯ ಬಗ್ಗೆಯೂ, ಎಳೆಯ ಆಟಗಾರರು ಸ್ಟೀರಾಯ್ಡ್ ಮುಟ್ಟಬಾರದೆಂದೂ ಪ್ರಚಾರ ಮಾಡಿದ. ಸಿಂಗಲ್‌ಟರಿ ತರಬೇತುದಾರನಾದ. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯ ತರಬೇತುದಾರನಾಗಿ 2008ರಿಂದ 2010ರವರೆಗೆ ಕೆಲಸ ಮಾಡಿ 18 ಗೆದ್ದ, 22 ಸೋತ. ತಾನು ಕಂಡದ್ದನ್ನೆಲ್ಲ ಇನ್ನೊಬ್ಬರ ಕಣ್ಣಿಗೆ ಕಾಣಿಸುವುದು ಸುಲಭವಲ್ಲ. ಇದು ಪಾಠ ಹೇಳುವವರೆಲ್ಲ ಬಲ್ಲ ಸಂಗತಿ.

ಇಬ್ಬರೂ ಅಮೆರಿಕನ್ ಫುಟ್‌ಬಾಲ್‌ನ ‘ಹಾಲ್ ಆಫ್ ಫೇಮ್’ ಸೇರಿದರು. ಬಟ್‌ಕಸ್ 1979ರಲ್ಲಿ, ಸಿಂಗಲ್‌ಟರಿ 1998ರಲ್ಲಿ. 51ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರೂ ತೊಡಬಾರದೆಂದು ಬೇರ್ಸ್ 1994ರಲ್ಲಿ ಎತ್ತಿಟ್ಟಿತು. 50ನ್ನು ಎತ್ತಿಡಲಿಲ್ಲ. ಇದನ್ನೇ ತೀರ್ಪೆಂದು ತಿಳಿಯಬೇಕಾಗಿಲ್ಲ. ಈ ತಂಡ ಇಲ್ಲಿಯವರೆಗೆ 14 ಸಂಖ್ಯೆಗಳನ್ನು ಎತ್ತಿಟ್ಟಿದೆ. ಹೀಗೇ ಎತ್ತಿಡುತ್ತ ಹೋದರೆ ಆಡುವವರಿಗೆ ಅಂಗಿಯೇ ಉಳಿಯದು!

ಯಾರು ದೊಡ್ಡವರು ಎಂಬ ವಾದ ಶಿಕಾಗೊದಲ್ಲಿ ಮುಂದುವರಿಯಲಿ, ಅದು ಪ್ರೀತಿಯ ವಾದ. ಆದರೆ ಒಬ್ಬನಿಗೆ ಪಟ್ಟ ಬಂತು, ಇನ್ನೊಬ್ಬನಿಗೆ ಬರಲಿಲ್ಲ ಎನ್ನುವುದು ಆ ವಾದದಲ್ಲಿ ಅತಿ ಸಣ್ಣ ಅಂಶ. ಗೆಲುವು ಹನ್ನೊಂದು ಜನರದು, ನಿಯಮದ್ದು, ಕಾಲದ್ದು. ತನ್ನ ಕೈಯಲ್ಲಿದ್ದದ್ದನ್ನು ಇಬ್ಬರೂ ಪೂರ್ತಿ ಕೊಟ್ಟರು. ಕೊಟ್ಟದ್ದರಲ್ಲಿ ಎಷ್ಟು ಆಟಕ್ಕೆ ನಿಜವಾಗಿ ಬೇಕಿತ್ತು, ಎಷ್ಟನ್ನು ಅವರಿಂದ ಕಸಿದುಕೊಳ್ಳಲಾಯಿತು ಎನ್ನುವುದೇ ಅಭಿಮಾನಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

2023ರ ಅಕ್ಟೋಬರ್ 5ರಂದು ಬಟ್‌ಕಸ್ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ವಯಸ್ಸು 80. ಬೇರ್ಸ್ ಅಷ್ಟರಲ್ಲಿ ಸತತ 14 ಪಂದ್ಯ ಸೋತಿತ್ತು. ಅದೇ ರಾತ್ರಿ ವಾಷಿಂಗ್ಟನ್ ತಂಡದೆದುರು ಅದಕ್ಕೊಂದು ಪಂದ್ಯವಿತ್ತು. ಅಗಲಿದವನಿಗಾಗಿ ಒಂದು ಗಳಿಗೆ ಮೌನ ಆಚರಿಸಿ ಆಟ ಶುರು ಮಾಡಿದರು. ಬೇರ್ಸ್ 40–20ರಿಂದ ಗೆದ್ದಿತು.